ಮೋಡದ ನಾಡಿನಲ್ಲಿ ಬಿಸಿಲಿನ ಕೆಲಸ

ವಿಮಾನ ನಿಲ್ದಾಣ

“ಇದೇನು?”

ಕೇಳಿದ ಅಧಿಕಾರಿ ನನ್ನ ಮುಖ ನೋಡಲಿಲ್ಲ. ಅವನ ಕಣ್ಣೆಲ್ಲ ನನ್ನ ಸೂಟ್‌ಕೇಸಿನಿಂದ ಹೊರಬಂದ ಗಾಜಿನ ಸೀಸೆಯ ಮೇಲಿತ್ತು. ಒಳಗೆ ತಿಳಿಹಳದಿ ಪುಡಿ. ಗೊತ್ತಿಲ್ಲದವರು ನೋಡಿದರೆ ಕಡಲೆಹಿಟ್ಟು ಅನ್ನಬೇಕು, ಇಲ್ಲವೇ ಜೈಲಿಗೆ ಕಳಿಸುವಂಥದ್ದೇನೋ ಅನ್ನಬೇಕು. ಅವನು ಎರಡನೆಯದನ್ನೇ ಅಂದುಕೊಂಡಿದ್ದಾನೆ ಎಂಬುದು ಮಾಸ್ಕಿನ ಮೇಲಿದ್ದ ಹುಬ್ಬಿನಲ್ಲಿಯೇ ಕಾಣುತ್ತಿತ್ತು.

“ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಪುಡಿ,” ಎಂದೆ. “ಬಿಸಿಲಿನಿಂದ.”

ಅವನು ತಿರುಗಿ ಗಾಜಿನ ಗೋಡೆಯ ಆಚೆ ನೋಡಿದ. ಅಲ್ಲಿ ಮಧ್ಯಾಹ್ನವೇ ಸಂಜೆಯಂತೆ ಕಪ್ಪಾಗಿ ಜಿಟಿಜಿಟಿ ಮಳೆ ಸುರಿಯುತ್ತಿತ್ತು.

“ಬಿಸಿಲು,” ಎಂದ. “ಅದಕ್ಕೆ ಇಂಡಿಯಾದಿಂದ ಇಲ್ಲಿಗೆ ಬಂದಿರಿ.”

ವಿಜಯಪುರದವಳಾದ ನನಗೆ ಅವನ ಮಾತಿನ ಮೊನಚು ಚೆನ್ನಾಗಿಯೇ ನಾಟಿತು. ನಮ್ಮೂರಲ್ಲಿ ಮಾರ್ಚ್ ತಿಂಗಳಿಗೇ ಮಾಳಿಗೆಯ ಮೇಲೆ ಹಪ್ಪಳ ಸುಡಬಹುದು. ಅಂಥ ಬಿಸಿಲನ್ನು ಬಿಟ್ಟು, ಮಹಾಮಾರಿಯ ನಡುವೆ, ಮೂಗಿಗೆ ಮಾಸ್ಕು ಕಟ್ಟಿಕೊಂಡು, ಸೂರ್ಯನೇ ರಜೆ ಹಾಕಿದ ದೇಶಕ್ಕೆ ಬಿಸಿಲಿನ ಕೆಲಸಕ್ಕೆ ಬಂದವಳನ್ನು ಯಾರು ತಾನೇ ನಂಬುತ್ತಾರೆ?

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೊಲಕ್ಕೆ ಹಾಕುವ ಯೂರಿಯಾವನ್ನು ಮುಚ್ಚಿದ ಮೂಸೆಯಲ್ಲಿ ಕಾಯಿಸಿದರೆ ಈ ಹಳದಿ ಪುಡಿ ಸಿಗುತ್ತದೆ. ಅದನ್ನು ಮತ್ತೆ ಕಾಯಿಸಿ ಪದರ ಪದರವಾಗಿ ಬಿಡಿಸಿದರೆ ಒಂದೊಂದು ಹಾಳೆಯೂ ಕಣ್ಣಿಗೆ ಕಾಣದಷ್ಟು ತೆಳುವಾಗುತ್ತದೆ. ನ್ಯಾನೋ ಎನ್ನುವುದು ಆ ತೆಳುವಿನ ಹೆಸರು. ಮೇಲೆ ಪ್ಲಾಟಿನಂ, ಕೋಬಾಲ್ಟ್ ಲೋಹಗಳನ್ನು ಧೂಳಿಗಿಂತ ಸಣ್ಣದಾಗಿ ಕೂರಿಸಿ ನೀರಿಗೆ ಬೆರೆಸಿ ಬಿಸಿಲಿಗಿಟ್ಟರೆ, ನೀರು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯಬೇಕು. ನನ್ನ ವಿದ್ಯಾರ್ಥಿಗಳೂ ನಾನೂ ವರ್ಷಗಟ್ಟಲೆ ಈ ಪುಡಿಯ ಹಿಂದೆ ಬಿದ್ದಿದ್ದೆವು. ಗುಳ್ಳೆಗಳೇನೋ ಏಳುತ್ತಿದ್ದವು. ಆದರೆ ಎದ್ದದ್ದೇನು, ಎಷ್ಟು ಎಂದು ಖಚಿತವಾಗಿ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಡಬ್ಲಿನ್ನಿನ ಪ್ರೊಫೆಸರ್ ಓರ್ಲಾ ಅವರು “ತಗೊಂಡು ಬನ್ನಿ, ಅಳೆಯೋಣ” ಎಂದು ಕರೆದಿದ್ದರು.

ಇಷ್ಟನ್ನೂ ಆ ಅಧಿಕಾರಿಗೆ ಹೇಳಿದೆ. ಅವನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಸೀಸೆಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ. ಪುಡಿಗೆ ಹೆದರಿದನೋ, ನನ್ನ ಕೈಗೆ ಹೆದರಿದನೋ ತಿಳಿಯಲಿಲ್ಲ.

ಬ್ಲಾಂಚರ್ಡ್ಸ್‌ಟೌನ್

ನನ್ನ ಸಹೋದ್ಯೋಗಿಯ ಸೋದರ ಸೊಸೆ ರುಕ್ಸಾನಾ ಬೆಂಗಳೂರಿನವಳು. ಡಬ್ಲಿನ್ನಿನ ಅಂಚಿನ ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆಯಲ್ಲಿ ಮಗಳು ಝೋಯಾಳ ಜೊತೆ ಇದ್ದಳು. ಗಂಡ ಕೆಲಸದ ಮೇಲೆ ದುಬೈಗೆ ಹೋದವನು ವಿಮಾನ ನಿಂತು ಅಲ್ಲಿಯೇ ಸಿಕ್ಕಿಕೊಂಡಿದ್ದ. ಮಹಡಿಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟು, ಮೊದಲ ಎರಡು ವಾರ ಹೊರಗೆ ಬರಕೂಡದು ಎಂದು ಬಾಗಿಲ ಆಚೆಯಿಂದಲೇ ಹೇಳಿದಳು.

“ಆಪಾ, ತಪ್ಪು ತಿಳ್ಕೋಬೇಡಿ. ಊಟ ಬಾಗಿಲ ಹತ್ರ ಇಡ್ತೀನಿ. ನಾನು ಕೆಳಗೆ ಇಳಿದ ಮೇಲೆ ತಗೊಳ್ಳಿ.”

ಬಿರಿಯಾನಿಯ ತಟ್ಟೆ ಬಾಗಿಲಿಗೆ ಬರುತ್ತಿತ್ತು, ತಟ್ಟೆಯ ಹಿಂದಿನ ಮನುಷ್ಯರು ಬರುತ್ತಿರಲಿಲ್ಲ. ನಮ್ಮಲ್ಲಿ ನೆಂಟರು ಬಂದರೆ ಪಕ್ಕದ ಮನೆಯವರೂ ಇಣುಕಿ ಹೋಗುತ್ತಾರೆ. ಇಲ್ಲಿ ಪಕ್ಕದ ಮನೆಯಾಕೆ ಕಿಟಕಿಯಲ್ಲಿ ನನ್ನನ್ನು ಕಂಡು ಪರದೆ ಎಳೆದುಕೊಂಡಳು. ಒಂದು ದಿನ ಝೋಯಾ ಮೆಟ್ಟಿಲಲ್ಲಿ ಕೂತು, ಮುಚ್ಚಿದ ಬಾಗಿಲಿನ ಕಡೆಗೆ ಕೂಗಿದಳು: “ಆರ್ ಯೂ ಗ್ರ್ಯಾಂಡ್ ಇನ್ ದೇರ್?”

“ಆರಾಮ ಅದೀನಿ ಪುಟ್ಟಿ,” ಎಂದೆ. ನನ್ನ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲಿ ಬರುತ್ತಿತ್ತು.

‘ಗ್ರ್ಯಾಂಡ್’ ಅಂದರೆ ಭರ್ಜರಿ, ಅದ್ಭುತ ಎಂದೇ ನಾನು ತಿಳಿದಿದ್ದೆ. ಕೋಣೆಯಿಂದ ಹೊರಬಂದ ಮೇಲೆ ರುಕ್ಸಾನಾ ನಕ್ಕಳು. “ಇಲ್ಲಿ ಗ್ರ್ಯಾಂಡ್ ಅಂದ್ರೆ ಪರವಾಗಿಲ್ಲ, ನಡೀತದೆ ಅಂತ ಅಷ್ಟೇ ಆಪಾ. ಕಾಲು ಮುರ್ಕೊಂಡೋರೂ ಗ್ರ್ಯಾಂಡ್ ಅಂತಾರೆ. ಇಲ್ಲಿಯವರ ಬಾಯಿಂದ ಬೇಡ ಅನ್ನೋ ಮಾತು ಬರಲ್ಲ. ನಗ್ತಾ ನಗ್ತಾನೇ ಬಾಗಿಲು ಹಾಕ್ತಾರೆ. ಸ್ವಲ್ಪ ಹುಷಾರಾಗಿರಿ.”

ಈ ಹುಷಾರು ನನ್ನ ತಲೆಯಲ್ಲಿ ಚೆನ್ನಾಗಿ ಬೇರು ಬಿಟ್ಟಿತು.

ಸ್ಯಾಂಡಿಫರ್ಡ್

ಪ್ರಯೋಗಾಲಯ ಊರಿನ ಇನ್ನೊಂದು ತುದಿಯಲ್ಲಿತ್ತು. ಬಸ್ಸಿನಲ್ಲಿ ನಗರದ ನಡುವಿಗೆ ಬಂದು, ಅಲ್ಲಿಂದ ಲುವಾಸ್ ಎಂಬ ಟ್ರಾಮಿನ ಹಸಿರು ದಾರಿಯಲ್ಲಿ ಸ್ಯಾಂಡಿಫರ್ಡ್. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿದವರು ಅಲ್ಲಿಂದಲೇ ಕೂಗುತ್ತಾರೆ. ನಮ್ಮ ಕಂಡಕ್ಟರಿಗೆ ಹೀಗೆ ಹೇಳಿದರೆ ಚಿಲ್ಲರೆ ಕೇಳುವ ಹೊಸ ಉಪಾಯ ಅಂದುಕೊಂಡಾನು.

ಮೊದಲ ದಿನವೇ ಟ್ರಾಮಿನಲ್ಲಿ ಸೀನು ಬಂತು. ಹೂಬಿಡುವ ಕಾಲ, ಗಾಳಿಯಲ್ಲಿ ಪರಾಗ, ನನ್ನ ಮೂಗಿಗೆ ಅದು ಹೊಸದು. ತಡೆದೆ, ಆಗಲಿಲ್ಲ. ಒಂದು ಸೀನು. ನಮ್ಮಲ್ಲಿ ಒಂಟಿ ಸೀನು ಅಪಶಕುನ, ಜೋಡಿಯಾದರೆ ಕೆಲಸ ಕೈಗೂಡುತ್ತದೆ ಅನ್ನುತ್ತಾರೆ. ಎದುರಿನ ಮುದುಕ ಎರಡನೆಯದಕ್ಕೆ ಕಾಯಲಿಲ್ಲ. “ಸಾರಿ, ಸಾರಿ” ಎನ್ನುತ್ತಲೇ ಎದ್ದು ಡಬ್ಬಿಯ ಕೊನೆಗೆ ಹೋಗಿ ನಿಂತ. ಸೀನಿದವಳು ನಾನು, ಕ್ಷಮೆ ಕೇಳಿದವನು ಅವನು.

ಪ್ರಯೋಗಾಲಯದ ಕೋಣೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಇರಬೇಕು ಎಂದು ನಿಯಮ. ಬೆಳಗಿನ ಪಾಳಿ ನನ್ನದು. ಮಧ್ಯಾಹ್ನದ್ದು ಕಾನರ್ ಎಂಬ ಸಂಶೋಧಕನದು. ಯಂತ್ರ ಒಂದೇ, ಸ್ಫಟಿಕ ಗಾಜಿನ ಪಾತ್ರೆ ಒಂದೇ, ಪುಡಿ ಒಂದೇ. ನಾನು ಹೋದ ಮೇಲೆ ಅವನು ಬರುತ್ತಿದ್ದ. ಅವನ ದನಿ ಫೋನಿನಲ್ಲಿ ಕೇಳಿದ್ದೆ, ಮುಖ ನೋಡಿರಲಿಲ್ಲ. ಪ್ರೊಫೆಸರ್ ಓರ್ಲಾ ಮನೆಯಿಂದಲೇ ಲ್ಯಾಪ್‌ಟಾಪಿನ ತೆರೆಯಲ್ಲಿ ಕಾಣಿಸಿಕೊಳ್ಳುತ್ತಿದ್ದರು.

ಇಲ್ಲಿ ಹೊರಗಿನ ಬಿಸಿಲನ್ನು ನೆಚ್ಚಿಕೊಂಡರೆ ಕೆಲಸ ಸಾಗದು. ಕಪ್ಪು ಪೆಟ್ಟಿಗೆಯೊಳಗೆ ಒಂದು ದೀಪವಿತ್ತು. ಅದನ್ನು ಹಚ್ಚಿದರೆ ನಮ್ಮೂರಿನ ಮಧ್ಯಾಹ್ನವೇ ಪೆಟ್ಟಿಗೆಯಲ್ಲಿ ಕೂತಂತೆ ಬೆಳಕು. ನಾನು ಪಾತ್ರೆಯನ್ನು ಸೋಪಿನಿಂದ ತೊಳೆದು, ಶುದ್ಧ ನೀರಿನಲ್ಲಿ ಹಲವು ಸಲ ಜಾಲಿಸಿ, ಪುಡಿ ಬೆರೆಸಿ ದೀಪದೆದುರು ಇಟ್ಟೆ. ಹೈಡ್ರೋಜನ್ ಬಂತು. ತೀರ ಕಡಿಮೆ. ಕಾನರನಿಗೆ ಫೋನಿನಲ್ಲಿ ಹೇಳಿದೆ.

“ಗ್ರ್ಯಾಂಡ್,” ಎಂದ. ಆಮೇಲೆ ಇಲ್ಲಿಯವರ ರೂಢಿಯಂತೆ ಬಾಯ್, ಬಾಯ್, ಬಾಬಾಬಾಯ್ ಎಂದು ದನಿ ಇಳಿಸುತ್ತ ಫೋನಿಟ್ಟ.

ಸಂಜೆ ಅವನ ಫಲಿತಾಂಶ ಬಂತು. ಅದೇ ಪುಡಿ, ಅದೇ ಪಾತ್ರೆ. ಹೈಡ್ರೋಜನ್ ನನ್ನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಮೊದಲು ನನ್ನ ಕೈಯದೇ ತಪ್ಪು ಅಂದುಕೊಂಡೆ. ಮರುದಿನ ಇನ್ನೂ ಜಾಗ್ರತೆಯಿಂದ ಮಾಡಿದೆ. ಮತ್ತೆ ಕಡಿಮೆ. ಮಧ್ಯಾಹ್ನ ಮತ್ತೆ ಅವನದು ಹೆಚ್ಚು. ವಾರವಿಡೀ ಹೀಗೆಯೇ ನಡೆಯಿತು. ಬೆಳಿಗ್ಗೆ ಸೋಮಾರಿಯಾದ ಪುಡಿ ಮಧ್ಯಾಹ್ನ ಮೈಕೊಡವಿಕೊಂಡು ಏಳುತ್ತಿತ್ತು.

ಓರ್ಲಾ ಅವರಿಗೆ ಸಂಭ್ರಮ. “ಕಾನರನ ಕೈ ಪಳಗಿದೆ. ಅವನ ಸಂಖ್ಯೆಯನ್ನೇ ಇಟ್ಕೊಳ್ಳೋಣ. ಮುಂದಿನ ತಿಂಗಳು ಹಣ ಕೊಡುವ ಕಂಪನಿಯವರ ಎದುರು ತೋರಿಸಬೇಕು. ಇಷ್ಟು ಬಂದರೆ ಕೆಲಸ ಮುಂದುವರಿಸಲು ಒಪ್ಪಿಯೇ ಒಪ್ಪುತ್ತಾರೆ,” ಎಂದರು. ಆ ಪ್ರಸ್ತಾಪದಲ್ಲಿ ನಮ್ಮ ಕಾಲೇಜಿನ ಹೆಸರೂ ಇತ್ತು. ಒಪ್ಪಿದರೆ ನನ್ನ ಇಬ್ಬರು ವಿದ್ಯಾರ್ಥಿನಿಯರು ಇಲ್ಲಿಗೆ ಬರಬಹುದಿತ್ತು. ನಾನು ಖುಷಿಪಡಬೇಕಿತ್ತು. ಆಗಲಿಲ್ಲ.

ಮತ್ತೆ ಸ್ಯಾಂಡಿಫರ್ಡ್

ಸಂಶಯ ಒಮ್ಮೆ ಹೊಕ್ಕರೆ ಅದಕ್ಕೆ ಮೇವು ಎಲ್ಲೆಲ್ಲೂ ಸಿಗುತ್ತದೆ. ನನ್ನ ಸೀಸೆ ಇಟ್ಟ ಜಾಗದಲ್ಲಿ ಇಟ್ಟಂತೆ ಇರುತ್ತಿರಲಿಲ್ಲ. ಸ್ಟೂಲು ಸರಿದಿರುತ್ತಿತ್ತು. ದುಪಟ್ಟಾದಿಂದ ಒಂದು ದಾರ ಕಿತ್ತು ಸೀಸೆಯ ಮುಚ್ಚಳದ ಮೇಲೆ ಹಾಕಿ ಬಂದೆ. ಮರುದಿನ ದಾರ ಇರಲಿಲ್ಲ. ಕಾನರನ ಅಳತೆಗೆ ಬೇಕಾದ ಪುಡಿಯನ್ನು ನಾನೇ ಬೇರೆ ತೆಗೆದಿಟ್ಟಿದ್ದೆ. ಹಾಗಿದ್ದರೆ ಸೀಸೆ ಮುಟ್ಟುವ ಅಗತ್ಯವೇನಿತ್ತು? ಕದಿಯುತ್ತಿದ್ದಾನೆಯೇ? ಅಥವಾ ತನ್ನ ಸಂಖ್ಯೆ ಏರಿಸಲು ಏನನ್ನೋ ಬೆರೆಸುತ್ತಿದ್ದಾನೆಯೇ? ಅಂದಿನಿಂದ ಸೀಸೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯತೊಡಗಿದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅವುಚಿಕೊಂಡ ನನ್ನನ್ನು ಕಂಡವರಿಗೆ, ನಿಲ್ದಾಣದ ಆ ಅಧಿಕಾರಿ ಅಂದುಕೊಂಡದ್ದೇ ಸರಿ ಎನಿಸುತ್ತಿತ್ತೇನೋ.

“ನಾನು ಹೇಳಿರ್ಲಿಲ್ವಾ ಆಪಾ?” ಎಂದಳು ರುಕ್ಸಾನಾ.

ಒಂದು ಬೆಳಿಗ್ಗೆ ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣವಿತ್ತು. ‘ನಿಮಗೆ’ ಎಂದು ಮೇಲೆ ಬರೆದಿತ್ತು. ಆಗ ರಂಜಾನ್. ರೋಜಾ ಉಪವಾಸ ಇದ್ದುದರಿಂದ ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ರೋಜಾ ಇಲ್ಲದಿದ್ದರೂ ಮುಟ್ಟುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಈ ಪ್ರೀತಿ ಯಾಕೆ ಎಂದೇ ಮನಸ್ಸು ಕೇಳುತ್ತಿತ್ತು. ಮೂರ್ನಾಲ್ಕು ದಿನ ಅಲ್ಲಿಯೇ ಕೂತಿದ್ದ ಪೊಟ್ಟಣ ಆಮೇಲೆ ಕಾಣೆಯಾಯಿತು.

ಅಷ್ಟರಲ್ಲಿ ಊರಿನ ಸುದ್ದಿ ಕೆಡತೊಡಗಿತು. ಐರಿಶ್ ಟೀವಿಯಲ್ಲಿ ನಮ್ಮ ಆಸ್ಪತ್ರೆಗಳ ಬಾಗಿಲು, ನಮ್ಮ ಜನ, ನಮ್ಮ ಸಿಲಿಂಡರುಗಳ ಸಾಲು. ಸುದ್ದಿ ಓದುವವರು ರೋಗದ ಹೊಸ ತಳಿಗೆ ನಮ್ಮ ದೇಶದ ಹೆಸರನ್ನೇ ಇಟ್ಟು ಕರೆಯುತ್ತಿದ್ದರು. ಟ್ರಾಮಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಗಿಯೇ ಉಳಿಯುತ್ತಿತ್ತು. ದೂರ ಕೂರಬೇಕೆಂಬ ನಿಯಮವೇ ಇತ್ತು, ಆದರೂ ನನಗೆ ಅದು ನನ್ನ ಮೈಬಣ್ಣದ ಲೆಕ್ಕವೆಂದೇ ತೋರುತ್ತಿತ್ತು.

ಆ ವಾರವೇ ತಮ್ಮ ರಿಯಾಜ್ ಫೋನು ಮಾಡಿದ. ವಿಜಯಪುರದಲ್ಲಿ ಅವನದು ಮೋಟಾರು ರಿವೈಂಡಿಂಗ್ ಅಂಗಡಿ.

“ಅಕ್ಕಾ, ಏನಿಲ್ಲ, ಸ್ವಲ್ಪ ಕೆಮ್ಮು ಅದ,” ಎಂದ. ಒಂದೊಂದು ಶಬ್ದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ. “ದವಾಖಾನಿಗೆ ಸೇರ್ಸ್ಯಾರ. ಆಕ್ಸಿಜನ್ ಗಾಳಿ ಹಚ್ಯಾರ. ನೀ ಅಲ್ಲೆ ನಿನ್ನ ಕೆಲ್ಸ ಮಾಡ. ಓಡಿ ಬರಾಕ್ ಹೋಗಬ್ಯಾಡ.”

ಓಡಿ ಬರಲು ವಿಮಾನವಾದರೂ ಎಲ್ಲಿತ್ತು? ಪ್ರಯೋಗಾಲಯದಲ್ಲಿ ಯಾರಿಗೂ ಹೇಳಲಿಲ್ಲ. ಮೊದಲೇ ನನ್ನನ್ನು ಕಂಡರೆ ದೂರ ಸರಿಯುವವರು, ತಮ್ಮನಿಗೆ ಹೀಗಾಗಿದೆ ಎಂದರೆ ಬಾಗಿಲಲ್ಲಿಯೇ ತಡೆದಾರು ಎನಿಸಿತು.

ಇದೇ ಹೊತ್ತಿಗೆ ಯಂತ್ರದ ಒಂದು ಬಿಡಿಭಾಗ ಬಂತು. ಆಮ್ಲಜನಕವನ್ನು ಅಳೆಯುವ ಆ ಭಾಗ ಕೆಟ್ಟು ರಿಪೇರಿಗೆ ಇಂಗ್ಲೆಂಡಿಗೆ ಹೋಗಿತ್ತು. ಸಮುದ್ರ ದಾಟಿ ಬರುವ ಸಾಮಾನಿಗೆ ಬಂದ ಹೊಸ ಸುಂಕದ ಕಾನೂನು, ಮಹಾಮಾರಿ, ಎರಡೂ ಸೇರಿ ತಡವಾಗಿತ್ತು. ನೀರು ನಿಜವಾಗಿ ಒಡೆದರೆ ಎರಡು ಪಾಲು ಹೈಡ್ರೋಜನ್ನಿಗೆ ಒಂದು ಪಾಲು ಆಮ್ಲಜನಕ ಬರಲೇಬೇಕು. ಶಾಲೆಯ ಮಕ್ಕಳಿಗೂ ಗೊತ್ತಿರುವ ಲೆಕ್ಕ.

ಬೆಳಿಗ್ಗೆ ನನ್ನ ಪಾತ್ರೆಯಿಂದ ಸ್ವಲ್ಪ ಹೈಡ್ರೋಜನ್, ಅದರ ಜೊತೆ ಆಮ್ಲಜನಕ ಇದೆಯೋ ಇಲ್ಲವೋ ಅನ್ನುವಷ್ಟು. ಸಂಜೆ ಕಾನರನ ಪಾತ್ರೆಯಿಂದ ಹೈಡ್ರೋಜನ್ ದಂಡಿಯಾಗಿ. ಆಮ್ಲಜನಕ ಸೊನ್ನೆ.

ಆಗ ನನ್ನ ಸಂಶಯಕ್ಕೆ ಕೈಕಾಲು ಬಂತು. ಆಮ್ಲಜನಕವಿಲ್ಲದೆ ಹೈಡ್ರೋಜನ್ ಬರುತ್ತಿದೆ ಎಂದರೆ ಅದು ನೀರು ಒಡೆದು ಬಂದದ್ದಲ್ಲ. ಪಾತ್ರೆಯಲ್ಲಿ ಬೇರೇನೋ ಇದೆ. ಮದ್ಯಸಾರದಂಥದ್ದು ಒಂದಿಷ್ಟು ಬಿದ್ದರೂ ಸಾಕು, ಪುಡಿ ನೀರಿನ ಗೊಡವೆ ಬಿಟ್ಟು ಅದನ್ನೇ ತಿಂದು ಹೈಡ್ರೋಜನ್ ಕಕ್ಕುತ್ತದೆ. ಇದು ಈ ವಿದ್ಯೆಯವರಿಗೆಲ್ಲ ಗೊತ್ತು. ಕಾನರನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಮರುದಿನ ನನ್ನ ಪಾಳಿ ಮುಗಿಸಿ ಹೊರಟವಳು ಮನೆಗೆ ಹೋಗಲಿಲ್ಲ. ಹೊರಗೆ ಸುತ್ತಾಡಿ, ನಿಯಮ ಮುರಿದು, ಮಧ್ಯಾಹ್ನ ವಾಪಸು ಬಂದು ಬಾಗಿಲಿನ ಗಾಜಿನಲ್ಲಿ ಇಣುಕಿದೆ.

ಎತ್ತರದ, ಸಣಕಲು ದೇಹದ ಯುವಕ. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು. ಗೋಡೆಯ ಸ್ಯಾನಿಟೈಸರಿನಿಂದ ಬಟ್ಟೆ ತೋಯಿಸಿಕೊಂಡು ನಾನು ಕೂತಿದ್ದ ಸ್ಟೂಲು ಒರೆಸಿದ. ನಾನು ಮುಟ್ಟಿದ್ದ ನಲ್ಲಿ ಒರೆಸಿದ. ಮೇಜು, ಸ್ವಿಚ್ಚು, ತಕ್ಕಡಿ. ಆಮೇಲೆ ಆ ಸ್ಫಟಿಕದ ಪಾತ್ರೆಯನ್ನು ಎತ್ತಿ ಹೊರಗೆಲ್ಲ ಒರೆಸಿ, ಬೆರಳಿಗೆ ಬಟ್ಟೆ ಸುತ್ತಿ ಒಳಗಿನ ಬಾಯಂಚನ್ನೂ ಒರೆಸಿದ. ದೇವರ ಸಾಮಾನು ತೊಳೆಯುವವರ ಶ್ರದ್ಧೆ ಆ ಕೈಯಲ್ಲಿತ್ತು. ಆದರೆ ಅವನು ತೊಳೆಯುತ್ತಿದ್ದದ್ದು ನನ್ನನ್ನು.

ನನಗೆ ರಸಾಯನಶಾಸ್ತ್ರ ನೆನಪಾಗಲಿಲ್ಲ. ಮುಖ ಕಾದು ಹೋಯಿತು. ಬಾಗಿಲು ತಟ್ಟದೆ ಮೆಟ್ಟಿಲು ಇಳಿದುಬಿಟ್ಟೆ. ಟ್ರಾಮು, ಬಸ್ಸು ಎರಡರಲ್ಲೂ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತ ಕೂತೆ. ಬ್ಲಾಂಚರ್ಡ್ಸ್‌ಟೌನ್ ಹತ್ತಿರ ಬಂದಾಗ, ಬಸ್ಸು ಹತ್ತುವಾಗ ಹಚ್ಚಿಕೊಂಡಿದ್ದ ಸ್ಯಾನಿಟೈಸರ್ ಇನ್ನೂ ಅಂಗೈಗೆ ಜಿಗುಟಾಗಿ ಅಂಟಿದ್ದು ತಿಳಿಯಿತು. ಅದರಲ್ಲಿನ ಮದ್ಯಸಾರ ಹಾರಿಹೋಗುತ್ತದೆ. ಚರ್ಮ ಒಡೆಯದಿರಲೆಂದು ಬೆರೆಸಿದ ಗ್ಲಿಸರಿನ್ ಹಾರುವುದಿಲ್ಲ, ಕಾನರ್ ಒರೆಸಿದ ಪಾತ್ರೆಯಲ್ಲೂ ಉಳಿದಿರಬೇಕು. ಪುಡಿಗೆ ಅದು ಮದ್ಯಸಾರಕ್ಕಿಂತ ರುಚಿ.

ಮರುದಿನ ಬೆಳಿಗ್ಗೆ ಪಾತ್ರೆಯನ್ನು ಎಂದಿನಂತೆ ಸೋಪಿನಲ್ಲಿ ತೊಳೆದು, ಗೋಡೆಯ ಸ್ಯಾನಿಟೈಸರಿನ ಒಂದೇ ಹನಿಯನ್ನು ಬೇಕೆಂದೇ ಒಳಗೆ ಬಿಟ್ಟು ದೀಪ ಹಚ್ಚಿದೆ. ಹೈಡ್ರೋಜನ್ ಜಿಗಿಯಿತು. ಆಮ್ಲಜನಕ ಸೊನ್ನೆ.

ಕಾರು ನಿಲ್ಲಿಸುವ ಬಯಲು

ಕಾನರನಿಗೆ ಫೋನು ಮಾಡಿ, ಕೆಳಗೆ ಕಾರು ನಿಲ್ಲಿಸುವ ಬಯಲಿನಲ್ಲಿ ಸಿಗಬೇಕು ಎಂದೆ. ಬೆಂಚಿನ ಆ ತುದಿಗೆ ಅವನು, ಈ ತುದಿಗೆ ನಾನು. ಹದವಾದ ಬಿಸಿಲಿತ್ತು. ಅಷ್ಟಕ್ಕೇ ಪಕ್ಕದ ಹುಲ್ಲಿನ ಮೇಲೆ ಆಫೀಸಿನವರು ಅಂಗಿಯ ತೋಳು ಮಡಚಿ ಅಂಗಾತ ಬಿದ್ದುಕೊಂಡಿದ್ದರು. ನಮ್ಮಲ್ಲಿ ಹೀಗೆ ಬಿದ್ದವರನ್ನು ಕಂಡರೆ ಮುಖಕ್ಕೆ ನೀರು ಚಿಮುಕಿಸುತ್ತಾರೆ.

“ನೀನು ದಿನಾ ನನ್ನ ಕುರುಹನ್ನೆಲ್ಲ ಒರೆಸಿ ಹಾಕ್ತೀಯ. ನಾನು ನೋಡಿದೆ,” ಎಂದೆ.

ಅವನ ಕಿವಿ ಕೆಂಪಾಯಿತು.

“ನನ್ನಮ್ಮ ಪಕ್ಕದ ಜಿಲ್ಲೆಯ ನೇಸ್‌ನಲ್ಲಿದ್ದಾಳೆ. ನಾನು ಅವಳ ಜೊತೆಗೇ ಇರೋದು,” ಎಂದ. “ಅವಳ ಶ್ವಾಸಕೋಶ ಹಾಳಾಗಿದೆ. ಮನೇಲಿ ಆಕ್ಸಿಜನ್ ಮಷೀನಿದೆ. ನಾನು ಮನೆಗೆ ಏನಾದರೂ ಹೊತ್ತುಕೊಂಡು ಹೋದರೆ ಅವಳ ಕಥೆ ಮುಗೀತು. ಟೀವಿಲಿ ನಿಮ್ಮ ದೇಶದ ಸುದ್ದಿ ನೋಡಿದ ಮೇಲೆ ನನಗೆ ತಲೆ ಕೆಟ್ಟುಹೋಯ್ತು. ಅದಕ್ಕೂ ಮೊದಲೇ ಒರೆಸ್ತಿದ್ದೆ. ಆಮೇಲೆ ಇನ್ನೂ ಜಾಸ್ತಿ ಒರೆಸಿದೆ.”

“ಸೀಸೆ ಯಾಕೆ ಮುಟ್ಟಿದೆ?”

“ಅದನ್ನೂ ಒರೆಸಿದೆ. ಮೇಲೆ ಯಾವುದೋ ದಾರ ಬಿದ್ದಿತ್ತು, ತೆಗೆದು ಎಸೆದೆ.” ಆಮೇಲೆ ನನ್ನ ಕಡೆ ತಿರುಗಿದ. “ನಿಮ್ಮ ಮೇಲೂ ನನಗೆ ಅನುಮಾನ ಇತ್ತು. ಬೆಳಿಗ್ಗೆ ಬೇಕಂತಲೇ ಹಳೇ ಪುಡಿ ಹಾಕಿ ಕಡಿಮೆ ತೋರಿಸ್ತಾರೆ, ಒಳ್ಳೇದನ್ನು ಪೇಟೆಂಟಿಗೆ ಅಂತ ಮನೆಗೆ ಒಯ್ತಾರೆ ಅಂದ್ಕೊಂಡೆ. ದಿನಾ ಸೀಸೆ ಚೀಲಕ್ಕೆ ಹಾಕ್ಕೊಂಡು ಹೋಗ್ತಿದ್ರಿ. ನಾನಿಟ್ಟ ಬಿಸ್ಕತ್ತನ್ನೂ ಮುಟ್ಟಲಿಲ್ಲ.”

“ನನಗೆ ಉಪವಾಸ ಇತ್ತು,” ಎಂದೆ. ಬಿಸ್ಕತ್ತು ಮುಟ್ಟದ ಉಳಿದರ್ಧ ಕಾರಣವನ್ನು ನುಂಗಿಕೊಂಡೆ.

ಸ್ಯಾನಿಟೈಸರಿನ ಹನಿಯ ಕತೆ ಹೇಳಿದೆ. ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡ. “ಗ್ಲಿಸರಿನ್,” ಎಂದು ತನಗೆ ತಾನೇ ಹೇಳಿಕೊಂಡ. “ಅಯ್ಯೋ, ಆ ಸಂಖ್ಯೆ ಕಂಪನಿಯವರಿಗೆ ಹೋಗಲಿದೆ.” ಆಮೇಲೆ ತಲೆಯೆತ್ತಿ, “ನಿಮ್ಮ ಮನೆಯವರೆಲ್ಲ ಹೇಗಿದ್ದಾರೆ?” ಎಂದು ಕೇಳಿದ.

ಡಬ್ಲಿನ್ನಿಗೆ ಬಂದ ಮೇಲೆ ಇದನ್ನು ಕೇಳಿದ ಮೊದಲ ಐರಿಶ್ ಮನುಷ್ಯ ಅವನು. ರಿಯಾಜನ ವಿಷಯ ಹೇಳಬಾರದು ಅಂದುಕೊಂಡೇ ಹೇಳಿದೆ. ಹೇಳುತ್ತ ಅಳು ಬಂತು, ಮಾಸ್ಕು ಒದ್ದೆಯಾಯಿತು. ಕಾನರ್ ಬೆಂಚಿನ ಆ ತುದಿಯಿಂದ ಏಳಲಿಲ್ಲ. ಹತ್ತಿರಕ್ಕೂ ಬರಲಿಲ್ಲ. “ಎಷ್ಟು ಲೀಟರ್ ಆಕ್ಸಿಜನ್ ಕೊಡ್ತಿದ್ದಾರೆ?” ಎಂದು ಮಾತ್ರ ಕೇಳಿದ. ಮನೆಯಲ್ಲಿ ಅಂಥ ರೋಗಿ ಇರುವವರಷ್ಟೇ ಕೇಳುವ ಪ್ರಶ್ನೆ ಅದು. ನನ್ನ ಉತ್ತರ ಕೇಳಿ, “ಅಷ್ಟು ಬೇಕಾಗಿದ್ದಾಗಲೂ ಅಮ್ಮ ಎರಡು ಸಲ ಆಸ್ಪತ್ರೆಯಿಂದ ವಾಪಸು ಬಂದಿದ್ದಾಳೆ,” ಎಂದ.

ತೆರೆಯ ಮುಂದೆ

ಓರ್ಲಾ ಅವರಿಗೆ ಇಬ್ಬರೂ ಸೇರಿ ಹೇಳಿದೆವು. ತೆರೆಯ ಮೇಲೆ ಅವರ ಮುಖ ಎಷ್ಟು ಹೊತ್ತು ಅಲುಗಲಿಲ್ಲವೆಂದರೆ ಇಂಟರ್‌ನೆಟ್ ನಿಂತುಹೋಯಿತು ಅಂದುಕೊಂಡೆ.

“ನಿನ್ನೆಯವರೆಗೆ ಒಬ್ಬರ ಸಂಖ್ಯೆ ಇನ್ನೊಬ್ಬರದಕ್ಕೆ ಹೊಂದ್ತಿರಲಿಲ್ಲ,” ಎಂದರು ಕೊನೆಗೆ. “ಇವತ್ತು ಒಂದಾಗಿದ್ದೀರಿ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಇನ್ನೇನಾದರೂ ಇದೆಯಾ?”

ಸಂಶಯಕ್ಕೂ ಅಂಟುಗುಣ ಇದೆ. ನಮ್ಮಿಬ್ಬರನ್ನು ಬಿಟ್ಟು ಅವರನ್ನು ಹಿಡಿದುಕೊಂಡಿತ್ತು.

ಅವರು ಒಂದು ದಿನಕ್ಕೆ ವಿಶೇಷ ಅನುಮತಿ ಕೊಡಿಸಿದರು. ಕಿಟಕಿಗಳೆಲ್ಲ ತೆರೆದು, ನಾವಿಬ್ಬರೂ ಮೊದಲ ಸಲ ಒಂದೇ ಕೋಣೆಯಲ್ಲಿ ನಿಂತೆವು. ಲ್ಯಾಪ್‌ಟಾಪಿನ ಕ್ಯಾಮೆರಾವನ್ನು ಮೇಜಿನ ಕಡೆಗೆ ತಿರುಗಿಸಿ ಇಡಬೇಕೆಂದು ಅಪ್ಪಣೆಯಾಗಿತ್ತು. ಕಾನರ್ ಸೋಪಿನಲ್ಲಿ ಪಾತ್ರೆ ತೊಳೆದ, ನಾನು ನೋಡಿದೆ. ನಾನು ಪುಡಿ ತೂಗಿದೆ, ಅವನು ನೋಡಿದ. ನಮ್ಮಿಬ್ಬರನ್ನೂ ಓರ್ಲಾ ನೋಡಿದರು.

ಹೈಡ್ರೋಜನ್ ಸ್ವಲ್ಪ ಬಂತು, ನನ್ನ ಬೆಳಗಿನಷ್ಟೇ. ಗಂಟೆಗಳು ಕಳೆದವು. ಕೊನೆಗೆ ಯಂತ್ರದ ತೆರೆಯ ಮೇಲೆ ಸಪಾಟಾಗಿ ಸಾಗಿದ್ದ ಗೆರೆ ಆಮ್ಲಜನಕದ ಜಾಗದಲ್ಲಿ ಒಂದಿಷ್ಟು ಉಬ್ಬಿತು. ಸೊಳ್ಳೆ ಕಚ್ಚಿದ ಗುಳ್ಳೆಯಷ್ಟು.

“ಹೊರಗಿನ ಗಾಳಿ ಸೋರಿದೆಯಾ?” ಎಂದರು ಓರ್ಲಾ.

“ಗಾಳಿಯಾಗಿದ್ದರೆ ಜೊತೆಗೆ ನೈಟ್ರೋಜನ್ನೂ ಬರಬೇಕಿತ್ತು,” ಎಂದ ಕಾನರ್. “ಬಂದಿಲ್ಲ.”

ಲೆಕ್ಕ ಹಾಕಿದೆವು. ಎರಡು ಪಾಲಿಗೆ ಒಂದು ಪಾಲು. ಕಡಿಮೆ, ಬಹಳ ಕಡಿಮೆ. ಆದರೆ ನೀರು ಒಡೆದೇ ಬಂದದ್ದು. ಇಷ್ಟು ವರ್ಷ ನಮ್ಮೂರಿನಲ್ಲಿ ನಾವು ನಂಬಿಕೊಂಡು ಬಂದದ್ದು ಸುಳ್ಳಾಗಿರಲಿಲ್ಲ. ತೆರೆಯ ಮೇಲೆ ಓರ್ಲಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಆ ದೊಡ್ಡ ಸಂಖ್ಯೆಯನ್ನು ತೆಗೆದುಹಾಕ್ತೀನಿ. ಇದನ್ನೇ ತೋರಿಸೋಣ,” ಎಂದರು. ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

ಕಂಪನಿಯವರು ತುಂಬ ಸೌಜನ್ಯದಿಂದ ಕೇಳಿಸಿಕೊಂಡರು. ಗ್ರ್ಯಾಂಡ್ ಎಂದರು. ಮತ್ತೆ ಸಂಪರ್ಕಿಸುತ್ತೇವೆ ಎಂದರು. ಸಂಪರ್ಕಿಸಲಿಲ್ಲ. ನನ್ನ ವಿದ್ಯಾರ್ಥಿನಿಯರಿಗೆ ಫೋನಿನಲ್ಲಿ ಹೇಳಿದಾಗ ಒಬ್ಬಳು ಅತ್ತಳು, ಇನ್ನೊಬ್ಬಳು, “ಮೇಡಂ, ಆಮ್ಲಜನಕ ಬಂತಲ್ಲಾ?” ಎಂದು ಎರಡು ಸಲ ಕೇಳಿದಳು.

ಉಳಿದ ವಾರಗಳಲ್ಲಿ ಪುಡಿಯನ್ನು ಸುಧಾರಿಸುವ ಕೆಲಸ ಸರಿಯಾಗಿ ಶುರುವಾಯಿತು. ಆಮ್ಲಜನಕ ಬಿಡಿಸುವ ಕಡೆಯೇ ಸೊರಗಿದೆ ಎಂಬುದು ಈಗ ಗೊತ್ತಾಗಿತ್ತು. ಕೋಬಾಲ್ಟ್ ಕೂರಿಸುವ ರೀತಿಯನ್ನು ಬದಲಿಸಿದೆವು. ಗೆರೆಯ ಉಬ್ಬು ನಿಧಾನವಾಗಿ ದೊಡ್ಡದಾಯಿತು. ಪಾಳಿ ಹಾಗೆಯೇ ಮುಂದುವರಿಯಿತು. ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನ ಅವನು ಮತ್ತೆ ಮಾಡಿ ನೋಡುತ್ತಿದ್ದ, ಅವನದನ್ನು ಮರುದಿನ ನಾನು. ಈ ಸಂಶಯ ಮಾತ್ರ ಇಬ್ಬರಿಗೂ ಇಷ್ಟವಾಗುತ್ತಿತ್ತು.

ಈದ್ ಮುಗಿದ ಎರಡನೆಯ ದಿನ ರಿಯಾಜ್ ಫೋನು ಮಾಡಿದ. “ಅಕ್ಕಾ, ಗಾಳಿ ತಗದ್ರು. ಈಗ ನಾನಽ ಉಸ್ರಾಡ್ಲಿಕ್ಹತ್ತೀನಿ,” ಎಂದ. ದನಿ ಹತ್ತಿ ಎಳೆಯಷ್ಟು ತೆಳ್ಳಗಿತ್ತು. ಸುದ್ದಿಯನ್ನು ಮೊದಲು ಕೆಳಗಿಳಿದು ರುಕ್ಸಾನಾಳಿಗೆ ಹೇಳಿದೆ. ಆಮೇಲೆ ಕಾನರನಿಗೆ.

ನೇಸ್

ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಬಾರದೆಂಬ ನಿಯಮ ಸಡಿಲವಾದ ಮೇಲೆ ಕಾನರ್ ಹೇಳಿದ: “ಅಮ್ಮ ನಿಮ್ಮನ್ನು ಕರ್ಕೊಂಡು ಬಾ ಅಂತಿದ್ದಾಳೆ. ಒಳಗೆ ಬೇಡ, ಹಿತ್ತಲಲ್ಲಿ.”

ಹೋಗಲು ಅಂಜಿಕೆಯಾಯಿತು. ಈ ಸಲ ಅನುಮಾನ ಬೇರೆ ಯಾರ ಮೇಲೂ ಇರಲಿಲ್ಲ, ನನ್ನ ಮೇಲೆಯೇ ಇತ್ತು. ದಿನಾ ಬಸ್ಸು, ಟ್ರಾಮು. ಮೈಯಲ್ಲಿ ಏನು ಕೂತಿದೆಯೋ ಯಾರಿಗೆ ಗೊತ್ತು? ಪರೀಕ್ಷೆ ಮಾಡಿಸಿಕೊಂಡೆ. ಇಲ್ಲ ಎಂದು ಬಂತು. ಆದರೂ ಕಾರಿನಲ್ಲಿ ಕಿಟಕಿ ಪೂರ್ತಿ ಇಳಿಸಿ ಹಿಂದಿನ ಸೀಟಿನಲ್ಲಿ ಮೂಲೆ ಹಿಡಿದು ಕೂತೆ.

ಸಾಲುಮನೆಯ ಹಿತ್ತಲು. ಹಗ್ಗದ ಮೇಲೆ ಬಟ್ಟೆ, ಸೇಬಿನ ಒಂದು ಗಿಡ. ಕಾನರನ ತಾಯಿ ಬ್ರೀಡಾ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಮೂಗಿನಿಂದ ಹೊರಟ ಸಣ್ಣ ಕೊಳವೆ ತೆರೆದ ಕಿಟಕಿಯ ಮೂಲಕ ಅಡುಗೆಮನೆಯೊಳಗೆ ಹೋಗಿತ್ತು. ಒಳಗೆ ಯಂತ್ರ ಗುಂಯ್‌ಗುಡುತ್ತಿತ್ತು. ನನ್ನ ಕುರ್ಚಿಯನ್ನು ಬೇಲಿಯ ಹತ್ತಿರ ಹಾಕಲಾಗಿತ್ತು. ಪಕ್ಕದ ಸ್ಟೂಲಿನ ಮೇಲೆ ಸೋಡಾ ಬ್ರೆಡ್ಡಿನ ದಪ್ಪ ಹೋಳು, ಮೇಲೆ ಬೆಣ್ಣೆ, ಒಂದು ಲೋಟ ಚಹಾ.

“ನನ್ನ ಮಗ ದಿನಾ ಒರೆಸಿ ಹಾಕ್ತಿದ್ದದ್ದು ನಿನ್ನನ್ನೇನಾ?” ಎಂದರು ಬ್ರೀಡಾ.

ಕಾನರ್ ನೆಲ ನೋಡಿದ. ನಾನು ಹೌದು ಎಂದೆ.

“ನನ್ನನ್ನೂ ಹಾಗೇ ನೋಡ್ತಾನೆ. ಗಾಜಿನ ಸಾಮಾನು ಥರ.” ಉಸಿರಿಗಾಗಿ ನಿಂತರು. “ನಿನ್ನ ತಮ್ಮ ಹೇಗಿದ್ದಾನೆ?”

ಹೇಳತೊಡಗಿದೆ. ಅವರು ಕಿವಿಗೆ ಕೈಯೊಡ್ಡಿದರು. ಮಾಸ್ಕಿನೊಳಗಿನ ನನ್ನ ಇಂಗ್ಲಿಷು, ಯಂತ್ರದ ಸದ್ದು, ನಡುವಿನ ದೂರ. ಎರಡನೇ ಸಲ ಗಟ್ಟಿಯಾಗಿ ಹೇಳಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

“ಕೇಳಿಸ್ತಿಲ್ಲಮ್ಮ,” ಎಂದರು. “ಹತ್ತಿರ ಬಾ.”

“ಅಮ್ಮಾ,” ಎಂದ ಕಾನರ್.

“ಲಸಿಕೆಯ ಎರಡೂ ಸೂಜಿ ಚುಚ್ಚಿಸ್ಕೊಂಡಿದ್ದೀನಿ. ವರ್ಷದಿಂದ ಹೊಸಬರ ಮುಖ ನೋಡಿಲ್ಲ. ಬದುಕಿ ಬಂದ ಹುಡುಗನ ಸುದ್ದಿಯನ್ನಾದರೂ ನೆಟ್ಟಗೆ ಕೇಳ್ತೀನಿ.”

ನಾನು ಅಲುಗಲಿಲ್ಲ. ಕಾನರ್ ನನ್ನನ್ನು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ಎದ್ದು ಬಂದ. “ಸ್ವಲ್ಪ ಏಳಿ,” ಎಂದ. ಎದ್ದೆ. ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ತಾಯಿಯ ಕುರ್ಚಿಯ ಪಕ್ಕದಲ್ಲಿ, ಕೈ ಚಾಚಿದರೆ ತಾಗುವಂತೆ ಹಾಕಿದ. ಕುರ್ಚಿಯ ಕಾಲು ಅಲುಗಾಡದಂತೆ ಮಣ್ಣಿಗೆ ಒತ್ತಿದ.

ಹೋಗಿ ಕೂತೆ.

“ಈಗ ಹೇಳು,” ಎಂದರು ಬ್ರೀಡಾ. “ಅವನ ಹೆಸರೇನು?”

“ರಿಯಾಜ್.”

“ರಿ-ಆಸ್,” ಎಂದರು. ಅಲ್ಲವೆಂದು ಅವರಿಗೇ ಅನಿಸಿತು. ಉಸಿರು ತುಂಬಿಕೊಂಡು ಇನ್ನೊಮ್ಮೆ ಹೇಳಿದರು. ಮತ್ತೊಮ್ಮೆ ಹೇಳಿದರು. ಸರಿಯಾಗಿ ಬರುವವರೆಗೆ ಬಿಡಲಿಲ್ಲ.